ಕುದುರೆ ಕೂದಲಿನ ಗಾದಿ

ಗೌಹರ್ ನಿದ್ದೆ ಕಂಡು ಹನ್ನೊಂದು ದಿನವಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೋಲಾರದ ಡಾಕ್ಟರು ಪರೀಕ್ಷೆ ಮಾಡಿ, ‘ಗುಂಡಿಗೆ ಸೋತಿದೆ. ಮಲಗಿಸಬೇಡಪ್ಪ, ಒಳ್ಳೆ ಕುರ್ಚಿಯಲ್ಲಿ ಒರಗಿಸಿ ಕೂರಿಸು. ನಿದ್ದೆ ಬಂದರೆ ಇನ್ನಷ್ಟು ದಿನ ಇರ್ತಾಳೆ’ ಎಂದಿದ್ದರು. ಹೇಳಿದ್ದು ಯಾರಿಗೆ ನೋಡಿ! ಅವಳ ಗಂಡ ಸತ್ತಾರ್ ಸಾಬಿಗೆ, ಶ್ರೀನಿವಾಸಪುರದಲ್ಲಿ ಮೂವತ್ತು ವರ್ಷದಿಂದ ಕುರ್ಚಿ ಸೋಫಾಗಳಿಗೆ ಗಾದಿ ಕಟ್ಟುತ್ತಿದ್ದವನಿಗೆ. ಅವನ ಮನೆಯಲ್ಲೇ ಒಂದು ಕುರ್ಚಿ ಇರಲಿಲ್ಲ.

ಕೋಲಾರದಿಂದ ಬಂದ ದಿನವೇ ಅವಳಿಗೊಂದು ಕುರ್ಚಿ ಕಟ್ಟಲು ಕೂತ. ಯುದ್ಧ ಶುರುವಾದ ಮೇಲೆ ಒಳ್ಳೆಯ ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗುತ್ತಿತ್ತು. ನಾಲ್ಕು ವರ್ಷದಿಂದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದ ಹಸಿರು ತೊಗಲೊಂದಿತ್ತು, ಅದನ್ನು ತೆಗೆದ. ಒಳಗೆ ತೆಂಗಿನ ನಾರು ಗಿಡಿದು, ಮೇಲೆ ತೊಗಲನ್ನು ಒಂದು ಸುಕ್ಕೂ ಇಲ್ಲದಂತೆ ಎಳೆದು ಮೊಳೆ ಹೊಡೆದ. ಅಂಗೈಯಿಂದ ತಟ್ಟಿ ನೋಡಿ ತೃಪ್ತಿಪಟ್ಟ. ಕೂತು ನೋಡಲಿಲ್ಲ. ಕಟ್ಟಿದ ಕುರ್ಚಿಯಲ್ಲಿ ಕಟ್ಟಿದವನು ಕೂರಬಾರದು, ಅದರ ಯಜಮಾನನೇ ಮೊದಲು ಕೂರಬೇಕು ಎಂದು ಉಸ್ತಾದರು ಕಲಿಸಿದ್ದರು. ಹಾಗಾಗಿ ಆ ಪುಣ್ಯಾತ್ಮ ತಾನು ಕಟ್ಟಿದ ಒಂದು ಕುರ್ಚಿಯಲ್ಲೂ ಜನ್ಮದಲ್ಲಿ ಕೂತವನಲ್ಲ.

‘ಹೆಂಗಿದೆ?’ ಎಂದ.

‘ದೊರೆಸಾನಿ ಆಗ್ಬಿಟ್ಟೆ ಕಣ್ರಿ’ ಎಂದು ಗೌಹರ್ ನಕ್ಕಳು.

ಐದು ದಿನ ಹಾಗೆಯೇ ನಗುತ್ತಾ ಕೂತಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಆರನೆಯ ದಿನ ಮೈ ಒರೆಸಲು ಬಂದ ಪಕ್ಕದ ಮನೆಯ ದೊಡ್ಡಮುನಿಯಮ್ಮ ಸೀರೆ ಸರಿಸಿ ನೋಡಿ ಹೌಹಾರಿದಳು. ಸೊಂಟದ ಕೆಳಗೆ ಅಂಗೈಯಗಲ ಹುಣ್ಣಾಗಿತ್ತು.

‘ಏನಣ್ಣಾ, ನೀನು ಒಂದ್ ಕಿತನಾದ್ರೂ ಇದ್ರಾಗೆ ಕೂತು ನೋಡಿದ್ಯಾ? ಬಂಡೆ ಮ್ಯಾಲೆ ಕೂರಿಸಿದ್ದೀಯಲ್ಲಾ ಈ ತಾಯೀನ!’

ಗೌಹರಳನ್ನು ಎತ್ತಿ ಗೋಡೆಗೆ ಒರಗಿಸಿ ಸತ್ತಾರ್ ಕೂತು ನೋಡಿದ. ತೊಗಲು ಒಂದಿಷ್ಟೂ ತಗ್ಗಲಿಲ್ಲ. ಗಳಿಗೆಯೊಳಗೆ ಬೆವರಿ ಮೈಗೆ ಅಂಟಿತು. ಊರ ಜನ ಭೇಷ್ ಎಂದದ್ದೆಲ್ಲ ಕಣ್ಣಿಗೆ ಚೆಂದ ಕಂಡದ್ದಕ್ಕೆ ಎಂದು ಆಗ ತಿಳಿಯಿತು. ಅವನಿಗೆ ತನ್ನ ಕೈಗಳ ಮೇಲೆಯೇ ಅಸಹ್ಯವಾಯಿತು. ಇಕ್ಕಳ ತಂದು ಮೊಳೆಗಳನ್ನೆಲ್ಲ ಕಿತ್ತು ಎಸೆದ.

ಮೊದಲು ಬೂರುಗದ ಹತ್ತಿ ತುಂಬಿದ. ಬೆಳಿಗ್ಗೆ ಮೆತ್ತಗಿದ್ದದ್ದು ಮಧ್ಯಾಹ್ನಕ್ಕೆ ಗಂಟುಕಟ್ಟಿ ಕಾವೇರಿತು. ಕಂಬಳಿ ಮಡಿಸಿ ಹಾಸಿದ, ಹುಣ್ಣಿಗೆ ಚುಚ್ಚಿತು. ರೆಕ್ಸಿನ್ ಮುಟ್ಟಿ ನೋಡಿ ಬಿಸಾಕಿದ. ಗೌಹರಳ ಕಾಲು ಇನ್ನಷ್ಟು ಊದಿಕೊಂಡಿತ್ತು, ತುಟಿ ನೀಲಿಗಟ್ಟಿತ್ತು.

‘ಅಜೀ, ಸಾಯೋಕೆ ಹೆದರಿಕೆ ಇಲ್ಲ. ಒಂದ್ ನಿದ್ದೆ ಮಾಡಿ ಸಾಯ್ತೀನಿ, ಅಷ್ಟು ಮಾಡ್ಕೊಡಿ’ ಎಂದಳು.

ಸತ್ತಾರ್ ಅಂಗಡಿಗೆ ಬಂದು ತಲೆ ಚಚ್ಚಿಕೊಂಡ. ಎದುರಿಗೆ ಮಾವಿನ ತೋಪಿನ ಸಾಹುಕಾರ ಗಂಗುಲಪ್ಪ ರಿಪೇರಿಗೆ ಬಿಟ್ಟಿದ್ದ ಸೋಫಾ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಚಿನ್ನದ ಗಣಿಯ ದೊರೆಯೊಬ್ಬ ಊರಿಗೆ ಹೋಗುವಾಗ ಮಾರಿದ್ದು. ಒಳಗಿದ್ದದ್ದು ಅಪ್ಪಟ ಕುದುರೆ ಕೂದಲು. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ, ಗಾಳಿಯಾಡುತ್ತದೆ. ತೊಳೆದು ಒಣಗಿಸಿ ಹಿಂಜಿದ್ದ ಕೂದಲು ಚಾಪೆಯ ಮೇಲೆ ರಾಶಿಯಾಗಿತ್ತು. ಬಿಚ್ಚಿದ್ದನ್ನು ಒಂದು ಹಿಡಿಯೂ ಕಡಿಮೆಯಾಗದಂತೆ ಅದೇ ಹೊಟ್ಟೆಗೆ ತುಂಬುವುದು ಕಸುಬಿನ ಈಮಾನು. ಒಳಗಿನದು ಯಜಮಾನನಿಗೆ ಕಾಣದು, ಅದಕ್ಕೇ ಮುಟ್ಟಬಾರದು. ಸೋಫಾಕ್ಕೆ ನಾರು ತುಂಬಿ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ನಾರೂ ಉಳಿದಿರಲಿಲ್ಲ, ಅವನಿಗೆ ಅಷ್ಟು ಹೊತ್ತೂ ಇರಲಿಲ್ಲ.

ಎರಡು ತೋಳು ತುಂಬ ಕೂದಲು ಬಾಚಿಕೊಂಡು ಮನೆಗೆ ಓಡಿದ. ಹೊದಿಕೆಗೆ ಗೌಹರಳ ಹಳೆಯ ನೂಲು ಸೀರೆ ಆರಿಸಿದ. ಒಗೆದೊಗೆದು ಎಳೆಗೂಸಿನ ಕಿವಿಯಷ್ಟು ಮೆದುವಾಗಿತ್ತದು. ಎಳೆದು ಬಿಗಿಯಲು ಕೈ ತಹತಹಿಸಿತು. ಬೈದುಕೊಂಡು, ಬೇಕೆಂದೇ ಸಡಿಲ ಬಿಟ್ಟ. ಸುಕ್ಕು ಸುಕ್ಕಾದ ಗಾದಿ ನೋಡಲು ಅಡ್ನಾಡಿಯಾಗಿತ್ತು. ತಾನೇ ಮೊದಲು ಕೂತು, ಒರಗಿ, ಆಚೀಚೆ ಹೊರಳಿ ನೋಡಿ, ಆಮೇಲೆ ಅವಳನ್ನು ಕೂರಿಸಿದ.

ಹೆಂಗಿದೆ ಎಂದು ಕೇಳುವಷ್ಟರಲ್ಲಿ ಗೌಹರಳ ತಲೆ ಪಕ್ಕಕ್ಕೆ ವಾಲಿತ್ತು. ಸತ್ತಾರ್‌ಗೆ ಜೀವವೇ ಹಾರಿಹೋಯಿತು. ಮೂಗಿನ ಬಳಿ ಬೆರಳಿಟ್ಟ. ಉಸಿರು ಬೆಚ್ಚಗೆ ಬಂದುಹೋಗುತ್ತಿತ್ತು. ದೊಡ್ಡಮುನಿಯಮ್ಮ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತಳು.

ಒಂದು ಗಂಟೆಯೂ ಆಗಿರಲಿಲ್ಲ. ಗಂಗುಲಪ್ಪನ ಆಳು ಮುನಿಯಲ್ಲಪ್ಪ ಬೀದಿಗೆಲ್ಲ ಕೇಳುವಂತೆ ಗಾಡಿ ಹೊಡೆದುಕೊಂಡು ಬಂದ.

‘ಸಾಬ್ರೇ! ಅಂಗಡಿ ತೆಗೀರಿ, ಸೋಫಾ ತಗೊಂಡ್ ಹೋಗ್ಬೇಕು! ನಾಳೆ ಬೀಗ್ರು ಬರ್ತಾವ್ರೆ!’

ಸತ್ತಾರ್ ಹೊರಗೆ ಬಂದು ಬಾಗಿಲು ಎಳೆದುಕೊಂಡ. ‘ಸೋಫಾ ಖಾಲಿ ಇದೆ ಮುನಿಯಲ್ಲಪ್ಪಣ್ಣ. ಕೂದಲು ನಾನೇ ಕದ್ದೆ.’

‘ಏನಂದ್ರಿ? ನೀವಾ? ಸಾಹುಕಾರ್ರು ಚರ್ಮ ಸುಲೀತಾರೆ ಸಾಬ್ರೇ! ಪೊಲೀಸಿಗೆ ಕೊಡ್ತಾರೆ!’

‘ಕೊಡ್ಲಿ. ನಾನೇ ಬರ್ತೀನಿ, ನಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ, ಮೆಲ್ಲಗೆ ಮಾತಾಡಿ. ಅವಳು ನಿದ್ದೆ ಮಾಡ್ತಾವ್ಳೆ.’

ಮುನಿಯಲ್ಲಪ್ಪ ಗಾಡಿ ತಿರುಗಿಸಿದ. ಎತ್ತುಗಳು ತಲೆಯಾಡಿಸಿದವು, ಕೊರಳ ಗಂಟೆ ಗಣಗಣ ಎಂದಿತು. ಸತ್ತಾರ್ ಓಡಿಹೋಗಿ ನೊಗದ ಮುಂದೆ ನಿಂತು, ಒಂದೊಂದು ಕೈಯಲ್ಲಿ ಒಂದೊಂದು ಗಂಟೆಯನ್ನು ಮುಚ್ಚಿ ಹಿಡಿದ. ಹಾಗೆ ಹಿಡಿದುಕೊಂಡೇ, ಎತ್ತುಗಳ ಜೊತೆ ಹಿಂದಡಿ ಇಡುತ್ತಾ, ಬೀದಿಯ ಕೊನೆಯವರೆಗೂ ನಡೆದ.