ಮೂರೂವರೆಯ ಟಾಸ್

ಮಾಜಾಳಿಯ ಸಾರ್ವಜನಿಕ ಜೀವನದ ಅತ್ಯಂತ ಗಂಭೀರ ಪ್ರಶ್ನೆಯೊಂದು ಹೋದ ಫೆಬ್ರವರಿಯ ರವಿವಾರ ಇತ್ಯರ್ಥವಾಯಿತು: ಮೂರೂವರೆ ಎಂದರೆ ಎಷ್ಟು ಗಂಟೆ?

ಅದುವರೆಗೆ ಮೂರೂವರೆ ಎಂದರೆ ನಾಲ್ಕೂಕಾಲು. ಮಧ್ಯಾಹ್ನದ ಊಟ ಜೋರಾಗಿದ್ದರೆ ಐದು. ಇದನ್ನು ತಿದ್ದಲು ಹೊರಟವರು ದತ್ತಾ ಹರಿಕಂತ್ರ. ದೋಣಿಯ ಕಸುಬು ಬಿಟ್ಟ ಮೇಲೆ ಅವರು ಕಾರವಾರ–ಅಂಕೋಲಾ ಕಿನಾರೆಯ ಎಂಟು ಊರುಗಳನ್ನು ಸೇರಿಸಿ ಟೆನಿಸ್‌ಬಾಲ್ ಕ್ರಿಕೆಟ್ ಲೀಗ್ ಕಟ್ಟಿ, ಅದರ ಅಧ್ಯಕ್ಷರೂ ಆಗಿದ್ದರು. ಬೆಳಿಗ್ಗೆ ಒಂದು ಊರಿಗೆ, ಸಂಜೆ ಇನ್ನೊಂದು ಊರಿಗೆ ಆಡುತ್ತಿದ್ದವರಿಂದ ಸಹಿ ಹಾಕಿಸಿ, ಸಂಬಳ ಕೊಟ್ಟು, ವರ್ಷವಿಡೀ ಒಂದೇ ತಂಡಕ್ಕೆ ಆಡಿಸಿದ್ದರು. ನಾಲ್ಕನೆಯ ನಿಯಮವನ್ನಂತೂ ತಾವೇ ಹಲಗೆಯ ಮೇಲೆ ಬರೆದು ನಿಲ್ಲಿಸಿದ್ದರು: ಮೂರೂವರೆಗೆ ಟಾಸಿಗೆ ಬಾರದ ತಂಡ ಸೋತಂತೆ.

ಫೈನಲ್ ಮಾಜಾಳಿಗೂ ಅಂಕೋಲಾಕ್ಕೂ. ಮಾಜಾಳಿಯ ನಾಯಕ ದತ್ತಾರ ಮಗ ಕಿಶನ.

ಮೂರು ಗಂಟೆಗೆ ಮೈದಾನದ ಪಕ್ಕದ ದಂಡೆಯಲ್ಲಿ, ಊರವರೆಲ್ಲ ಸೇರಿ ಎಳೆಯುವ ಯೆಂಡಿ ಬಲೆಯ ಕೂಗು ಎದ್ದಿತು. ಒಳಗೆ ಬಂಗಡೆಯ ಹಿಂಡು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಮೀನು ದಂಡೆಗೆ ಬರುವ ಮೊದಲೇ ಕೈ ಬಿಟ್ಟವನಿಗೆ ಪಾಲೂ ಇಲ್ಲ, ಮರ್ಯಾದೆಯೂ ಇಲ್ಲ. ಇನ್ನೂ ಹೊತ್ತಿದೆಯಲ್ಲ ಎಂದು ಕಿಶನ ಇಡೀ ತಂಡದೊಂದಿಗೆ ಹಗ್ಗ ಹಿಡಿದ. ಬಲೆ ಎಣಿಸಿದ್ದಕ್ಕಿಂತ ಭಾರವಾಗಿತ್ತು.

"ಬಾಬಾ, ಹತ್ತೇ ಮಿನಿಟು!" ಎಂದು ಕಿಶನ ಅಲ್ಲಿಂದಲೇ ಅಪ್ಪನಿಗೆ ಕೂಗಿದ.

ದತ್ತಾ ವಾಚು ನೋಡಿದರು. ಮೂರು ಇಪ್ಪತ್ತಾರು.

"ಕಾಯ್ವ ಮಾರಾಯ್ರೆ," ಎಂದ ಅಂಕೋಲಾದ ನಾಯಕ ಸುಕ್ರ. "ಬಲೆ ಬಿಟ್ಟು ಬಾ ಅಂದ್ರೆ ಯಾರ್ ಬತ್ರು? ನಾವು ಆಡೂಕೇ ಬಂದದ್ದು."

"ಮುಂದಿನ ಸಲ ನೀ ಗದ್ದೆ ಕೊಯ್ಲು ಅಂತಿ. ಆಗ್ಲೂ ಕಾಯೂದಾ?" ಎಂದರು ದತ್ತಾ.

ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಹೆಂಡತಿ ದುರ್ಗಿಗೆ ತಡೆಯಲಾಗಲಿಲ್ಲ. "ಸ್ವಂತ ಮಗನ್ನ ಸೋಲ್ಸೂಕೆ ಇಷ್ಟ್ ದೊಡ್ಡ ವಾಚು ಬೇಕಿತ್ತಾ ನಿಮಗೆ?"

ದತ್ತಾ ಹಲಗೆಯ ಕಡೆ ನೋಡಿದರು. ಈಗ ಕಾದರೆ ಯಾರೂ ಬೈಯುವುದಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ನಾಳೆಯಿಂದ ಆ ಹಲಗೆ ಒಲೆಗೆ ಮಾತ್ರ ಆದೀತು. ಸರಿಯಾಗಿ ಮೂರೂವರೆಗೆ ಸೀಟಿ ಊದಿ, ಅಂಕೋಲಾ ಗೆದ್ದಿತು ಎಂದು ಸಾರಿದರು.

ಹಗ್ಗದ ಬಳಿ ಬೈಗುಳ ಶುರುವಾಯಿತು. ಕಿಶನ ಕೈ ಬಿಡದೆಯೇ ಕೂಗಿದ: "ಬೊಬ್ಬೆ ಹಾಕ್ಬೇಡಿ ರೇ! ತಪ್ಪು ನಮ್ದು. ಬಾಬಾ ಕಾದಿದ್ರೆ ನಂಗೇ ನಾಚ್ಕೆ ಆಗ್ತಿತ್ತು. ಏ ಸುಕ್ರಾ, ನಿಂತ್ಕಂಡು ಎಂತ ನೋಡ್ತಿ? ಬಾ, ಕೈ ಹಚ್ಚು!"

ದತ್ತಾ ಎಲ್ಲರಿಗೂ ಬೆನ್ನು ಹಾಕಿ ಹಲಗೆಯ ಧೂಳು ಒರೆಸತೊಡಗಿದರು. ಅಧ್ಯಕ್ಷರಾದವರು ಅಂಥ ಹೊತ್ತಿನಲ್ಲಿ ನಗುವುದು ನಿಯಮದಲ್ಲಿರಲಿಲ್ಲ.

ಅಂಕೋಲಾದವರು ಗೆದ್ದ ಕಪ್ಪನ್ನೂ ತಮ್ಮ ಪಾಲಿನ ಬಂಗಡೆಯನ್ನೂ ಟೆಂಪೋಕ್ಕೆ ಹಾಕಿಕೊಂಡು ಹೋದರು.