ಗಡ್ಡೆಗೆ ಮರಣದಂಡನೆ

ನನ್ನ ಗೆಳೆಯನೊಬ್ಬನಿದ್ದಾನೆ, ಮಿಕ್ಸಿ. ಬಾಯಿ ತೆರೆದರೆ ಗರಗರ ಎನ್ನುವುದರಿಂದ ಆ ಹೆಸರು. ದನಿ ಬದಲಿಸಿ ಫೋನ್ ಮಾಡಿ ಆಟವಾಡಿಸುವುದು ಅವನ ಚಟ. ಒಮ್ಮೆ ಬ್ಯಾಂಕ್ ಮ್ಯಾನೇಜರ್ ಆಗುತ್ತಾನೆ, ಒಮ್ಮೆ ಪೊಲೀಸ್ ಆಗುತ್ತಾನೆ, ಒಮ್ಮೆ ನಾನು ಕಂಡೇ ಇರದ ಹುಡುಗಿಯ ಅಪ್ಪ ಆಗಿ ನನ್ನ ಕಾಲು ಮುರಿಯುತ್ತೇನೆ ಎನ್ನುತ್ತಾನೆ. ನಾನೂ ಸುಮ್ಮನೆ ಬಿಡುವ ಆಸಾಮಿಯಲ್ಲ. ಅವನು ಯಾವ ವೇಷ ಹಾಕಿದರೂ ನಾನು ಸಿನಿಮಾದ ಖಳನಾಯಕನಾಗಿ ಉತ್ತರ ಕೊಡುತ್ತೇನೆ.

ಹಾಗಾಗಿ ಆವತ್ತು ನಾನು ಕೆಲಸ ಮಾಡುವ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಫೋನ್ ಬಂದಾಗ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

"ನಾನು ಆಸ್ಪತ್ರೆಯಿಂದ ಮಾತಾಡ್ತಿದೀನಿ," ಎಂದಿತು ಒಂದು ಹೆಣ್ಣು ದನಿ. "ನೀವು ಚಿಕ್ಕವರಿದ್ದಾಗ ಕಿಡ್ನಿ ಗಡ್ಡೆಗೆ ಇಲ್ಲಿ ಆಪರೇಷನ್ ಆಗಿತ್ತಲ್ಲ? ಆ ಗಡ್ಡೆಯ ಒಂದು ಚೂರನ್ನ ಸಂಶೋಧನೆಗೆ ಅಂತ ಇಟ್ಕೊಂಡಿದೀವಿ. ಆಗ ನಿಮ್ಮ ತಾಯಿ ಒಪ್ಪಿದ್ರು. ಈಗ ನಿಮಗೆ ಹದಿನೆಂಟು ತುಂಬಿದೆ, ಹಾಗಾಗಿ ನಿಮ್ಮನ್ನೇ ಕೇಳ್ಬೇಕು. ಅದನ್ನ ಇಟ್ಕೋಬಹುದಾ?"

ನನಗೆ ಒಂದೇ ಕಿಡ್ನಿ ಇರುವುದು ಮಿಕ್ಸಿಗೆ ಗೊತ್ತು. ಎಲ್ಲರಿಗೂ ಗೊತ್ತು. ನನ್ನದು ಸಿಂಗಲ್ ಸ್ಕ್ರೀನ್ ಥಿಯೇಟರ್ ಎಂದು ನಾನೇ ಸಾರಿಕೊಂಡು ತಿರುಗುತ್ತೇನೆ. ಹೊಟ್ಟೆಯ ಮೇಲಿನ ಗಾಯದ ಗುರುತು ಮಾತ್ರ ಚಾಕು ಕಾಳಗದ್ದು ಎಂದು ಹೇಳುವುದು. ಹೆಣ್ಣು ದನಿಯನ್ನು ಈ ಬಡ್ಡಿಮಗ ಇಷ್ಟು ಚೆನ್ನಾಗಿ ಯಾವಾಗ ಕಲಿತ ಎಂದು ಮೆಚ್ಚಿಕೊಳ್ಳುತ್ತಲೇ ನಾನು ಗಂಟಲು ಇಳಿಸಿದೆ.

"ಏನಂದೆ? ಅವನಿನ್ನೂ ಸತ್ತಿಲ್ವಾ? ಇಷ್ಟು ವರ್ಷ ನನ್ನ ಕಣ್ಣು ತಪ್ಪಿಸಿ ಬದುಕಿದ್ದಾನಾ? ಸುಟ್ಟುಬಿಡಿ ಅವನನ್ನ! ಬೂದಿನೂ ಸಿಗಬಾರದು! ಇದು ನನ್ನ ಆಜ್ಞೆ!"

"ಸರಿ," ಎಂದಿತು ದನಿ. "ಬೇಡ ಅಂತ ಬರ್ಕೋತೀನಿ. ತುಂಬಾ ಥ್ಯಾಂಕ್ಸ್."

"ಪ್ಯಾಕಪ್!" ಎಂದು ಕೂಗಿ ಫೋನಿಟ್ಟೆ. ಅಂಗಡಿಯಲ್ಲಿ ಎಲ್ಲರೂ ಬಿದ್ದುಬಿದ್ದು ನಕ್ಕರು.

ಮಧ್ಯಾಹ್ನ ಮೆಸೇಜ್ ಬಂತು. ನಿಮ್ಮ ಇಚ್ಛೆಯಂತೆ ಶುಕ್ರವಾರ ಬೆಳಿಗ್ಗೆ ಮಾದರಿಯನ್ನು ನಾಶಪಡಿಸಲಾಗುವುದು, ಬಯಸಿದರೆ ನೀವು ಹಾಜರಿರಬಹುದು. ಕೆಳಗೆ ಆಸ್ಪತ್ರೆಯ ಹೆಸರು. ತಕ್ಷಣ ಮಿಕ್ಸಿಗೆ ಫೋನ್ ಮಾಡಿದೆ.

"ನಾನಾ? ಬೆಳಿಗ್ಗೆಯಿಂದ ಹಲ್ಲಿನ ಡಾಕ್ಟ್ರ ಮುಂದೆ ಬಾಯಿ ತೆಕ್ಕೊಂಡು ಕೂತಿದ್ದೆ ಕಣೋ," ಎಂದ, ಅರ್ಧ ಬಾಯಲ್ಲಿ. ಅಷ್ಟು ಹೊತ್ತು ಅವನ ಬಾಯಿ ಸುಮ್ಮನಿತ್ತೆಂದರೆ ನಂಬುವುದು ಕಷ್ಟ, ಆದರೆ ದನಿಯಲ್ಲಿ ಹತ್ತಿಯ ಉಂಡೆ ಕೇಳಿಸುತ್ತಿತ್ತು.

ಸಂಜೆ ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಹೊಲಿಗೆಯವಳು. ಪರದೆ, ದಿಂಬಿನ ಚೀಲ, ಸೋಫಾ ಹೊದಿಕೆ ಎಲ್ಲ ಹೊಲಿಯುತ್ತಾಳೆ. ಇವತ್ತು ಅಳತೆಪಟ್ಟಿಯಲ್ಲಿ ಏಟು ಗ್ಯಾರಂಟಿ ಎಂದು ದೂರದಲ್ಲೇ ನಿಂತು ಕಥೆ ಒಪ್ಪಿಸಿದೆ. ಅಮ್ಮ ಅಂಗೈಯಿಂದ ಮಷೀನಿನ ಚಕ್ರ ಹಿಡಿದು ನಿಲ್ಲಿಸಿದಳು.

"ಸುಟ್ಟುಬಿಡಿ ಅಂದ್ಯಾ?"

"ಮಿಕ್ಸಿ ಅಂದ್ಕೊಂಡು..."

"ಒಳ್ಳೇ ಕೆಲಸ ಮಾಡ್ದೆ ಮಗನೇ."

ನನ್ನ ಕೀಟಲೆಗೆ ಅಮ್ಮನಿಂದ ಸಿಕ್ಕ ಮೊದಲ ಪ್ರಶಸ್ತಿ ಅದು. ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳ ಮುಖ ನಗುತ್ತಿರಲಿಲ್ಲ.

"ಅದು ಅಲ್ಲಿದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಶುಕ್ರವಾರ ನಾನೂ ಬರ್ತೀನಿ. ಅದು ಸುಡೋದನ್ನ ನನ್ನ ಕಣ್ಣಾರೆ ನೋಡ್ಬೇಕು."

ನನಗೂ ನೋಡಬೇಕಿತ್ತು, ಕಾರಣ ಬೇರೆ. ನನ್ನನ್ನು ಕೊಲ್ಲಲು ಬಂದಿದ್ದವನ ಮುಖವನ್ನು ನಾನು ನೋಡೇ ಇರಲಿಲ್ಲ. ಕ್ಲೈಮ್ಯಾಕ್ಸ್‌ನಲ್ಲಿ ನಾಯಕ ಅರಿವಳಿಕೆ ತೆಗೆದುಕೊಂಡು ಮಲಗಿದ್ದ ಚಿತ್ರ ಬೇರೆ ಯಾವುದಿದೆ?

ಶುಕ್ರವಾರ ಆಸ್ಪತ್ರೆಯ ಮೇಲಿನ ಮಹಡಿಯ ಕಾರಿಡಾರಿನ ತುದಿಯಲ್ಲಿ ನಮ್ಮನ್ನು ಎದುರುಗೊಂಡವರು ಆಪ್ತ ಸಲಹೆಗಾರ್ತಿ. ನರೆತ ಕೂದಲು, ಸರಕ್ಕೆ ನೇತುಬಿದ್ದ ಕನ್ನಡಕ. ಬಾಯಿ ತೆರೆದ ತಕ್ಷಣ ಗೊತ್ತಾಯಿತು, ಫೋನಿನ ದನಿ ಇವರದೇ.

"'ಇದು ನನ್ನ ಆಜ್ಞೆ' ನೀವೇನಾ?"

ಭೂಮಿ ಬಾಯಿಬಿಡಬಾರದೇ ಎನಿಸಿತು. ಮೇಲಿನ ಮಹಡಿಯಾದ್ದರಿಂದ ಅದಕ್ಕೂ ದಾರಿಯಿರಲಿಲ್ಲ. "ಸಾರಿ ಮೇಡಂ. ಫ್ರೆಂಡ್ ತಮಾಷೆ ಮಾಡ್ತಿದಾನೆ ಅಂದ್ಕೊಂಡೆ."

"ತಮಾಷೆ ಇರ್ಬಹುದು ಅಂತ ನಂಗೂ ಅನ್ನಿಸ್ತು. ಅದಕ್ಕೇ ಬರೀ 'ಬೇಡ' ಅಂತ ಬರ್ಕೊಂಡೆ, ಬೂದಿ ವಿಷಯ ಬರೀಲಿಲ್ಲ."

"ತಮಾಷೆ ಅಂತ ಗೊತ್ತಿದ್ರೆ ಇನ್ನೊಂದ್ಸಲ ಕೇಳ್ಬಹುದಿತ್ತಲ್ವಾ?"

"ಕೇಳೋ ಹಾಗಿಲ್ಲ. ಬೇಡ ಅಂದವರನ್ನ ಯಾಕೆ ಅಂತ ಕೇಳ್ಬಾರ್ದು, 'ನಿಜವಾಗ್ಲೂನಾ' ಅಂತ ಹಿಂದೆ ಬೀಳ್ಬಾರ್ದು. ಅದೇ ಒತ್ತಾಯ ಆಗತ್ತೆ. ನಗ್ತಾ ಹೇಳಿದ ಬೇಡಾನೂ ನಮಗೆ ಬೇಡಾನೇ. ನಗ್ತಾ ಹೇಳಿದ ಹೌದು ಮಾತ್ರ ನಡೆಯಲ್ಲ. ಅದನ್ನ ಇಲ್ಲಿಗೇ ಬಂದು, ಅರ್ಥ ಮಾಡ್ಕೊಂಡು ಹೇಳ್ಬೇಕು."

"ಈಗ ಬದಲಾಯಿಸ್ಬಹುದಾ?"

"ಸುಡೋವರೆಗೂ ಬದಲಾಯಿಸ್ಬಹುದು."

"ಬದಲಾಯಿಸೋದು ಯಾಕೆ?" ಅಮ್ಮ ನಡುವೆ ಬಂದಳು. "ಬೇಡ ಅಂದಾಗಿದೆ. ಸುಡ್ಲಿ."

ಲ್ಯಾಬಿನೊಳಗೆ ಗೋಡೆಯುದ್ದಕ್ಕೂ ಬೀರುವಿನಂಥ ಫ್ರೀಜರುಗಳು ಗುಂಯ್‌ಗುಡುತ್ತಿದ್ದವು. ಮೇಜಿನ ಪಕ್ಕ ಹಳದಿ ಡಬ್ಬವೊಂದಿತ್ತು, ಸುಡಲು ಕಳಿಸುವ ವಸ್ತುಗಳಿಗಾಗಿ. ಅದರ ಮುಚ್ಚಳ ತೆರೆದೇ ಇತ್ತು. ಬಿಳಿ ಕೋಟಿನ ಸಂಶೋಧಕಿಯೊಬ್ಬಳು ನನಗೊಂದು ಪುಟ್ಟ ಪ್ಲಾಸ್ಟಿಕ್ ಚೌಕಟ್ಟನ್ನು ತೋರಿಸಿದಳು. ಅದರಲ್ಲಿ ಮೇಣ, ಮೇಣದೊಳಗೆ ಕಂದು ಬಣ್ಣದ ಒಂದು ಚುಕ್ಕೆ. ನನ್ನ ಕಿರುಬೆರಳಿನ ಉಗುರಿನಷ್ಟು.

"ಇವನಾ?" ಎಂದೆ. ವಿಲನ್ ಎಂದರೆ ಮೀಸೆಯಾದರೂ ಬೇಡವೇ?

"ಇದು ಒಂದು. ಇನ್ನೊಂದು ಸಣ್ಣ ಚೂರು ಫ್ರೀಜರ್‌ನಲ್ಲಿದೆ."

"ಇದ್ರಿಂದ ನೀವೇನ್ಮಾಡ್ತೀರಾ?"

ಅವಳು ಸಲಹೆಗಾರ್ತಿಯ ಮುಖ ನೋಡಿ ಅಳೆದು ತೂಗಿ ಮಾತಾಡಿದಳು. "ಇಂಥ ಗಡ್ಡೆ ತೆಗೆದ ಮೇಲೂ ಕೆಲವು ಮಕ್ಕಳಿಗೆ ವಾಪಸ್ ಬರತ್ತೆ, ಕೆಲವರಿಗೆ ಬರಲ್ಲ. ಯಾಕೆ ಅಂತ ಹುಡುಕ್ತಿದೀವಿ."

"ನಂಗೆ ವಾಪಸ್ ಬರ್ಲಿಲ್ಲ."

"ಹೌದು."

"ಅಂದ್ರೆ ನಿಮಗೆ ನಂದು ಬೇಕೇ ಬೇಕು!"

"ಅದಕ್ಕೆ ನಾನು ಉತ್ತರ ಕೊಡೋ ಹಾಗಿಲ್ಲ."

"ತಲೆಯಾದ್ರೂ ಅಲ್ಲಾಡ್ಸಿ ಮೇಡಂ."

"ತಲೇನೂ ಅಲ್ಲಾಡ್ಸೋ ಹಾಗಿಲ್ಲ," ಎಂದು ಕುತ್ತಿಗೆ ಉಳುಕಿದವಳಂತೆ ನಿಂತಳು. ಆದರೆ ಆ ಮೇಣದ ತುಂಡನ್ನು ಹಿಡಿದಿದ್ದ ಅವಳ ಬೆರಳುಗಳು ಹಳದಿ ಡಬ್ಬದಿಂದ ದೂರ ದೂರ ಸರಿಯುತ್ತಿದ್ದವು. ಅದನ್ನು ತಡೆಯುವ ನಿಯಮ ಇನ್ನೂ ಬಂದಿಲ್ಲವೆಂದು ಕಾಣುತ್ತದೆ.

ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಅಮ್ಮ ಕೇಳಿದಳು, "ಅದಕ್ಕೆ ಜೀವ ಇದೆಯಾ?"

"ಇಲ್ಲಮ್ಮ."

"ಬೆಳೆಯಲ್ವಾ?"

"ಮೇಣದಲ್ಲಿರೋದು ಬೆಳೆಯಲ್ಲ. ಫ್ರೀಜರ್‌ನಲ್ಲಿರೋದೂ ಅಷ್ಟೇ, ಹೆಪ್ಪುಗಟ್ಟಿದೆ. ಅವತ್ತು ಎಷ್ಟಿತ್ತೋ ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಾಗಿಲ್ಲ."

ಅಮ್ಮ ಸ್ಟೂಲಿನ ಮೇಲೆ ಕುಳಿತಳು. "ಬಾಟ್ಲಿಯೊಳಗೆ ಬೆಳೀತಾ ಇದೆ ಅಂದ್ಕೊಂಡಿದ್ದೆ. ಇವನಿಗೆ ಜ್ವರ ಬಂದಾಗೆಲ್ಲ, ಅಲ್ಲಿ ಅದು ದೊಡ್ಡದಾಗಿರ್ಬೇಕು ಅಂತ. ಇವನು ಸಿನಿಮಾ ನೋಡಿ ತಲೆನೋವು ಅಂದ್ರೂ ನಂಗೆ ಅದೇ ನೆನಪು."

ಜ್ವರ ಬಂದಾಗ ಅವಳು ರಾತ್ರಿಯೆಲ್ಲ ದೀಪ ಆರಿಸದೆ ಹೊಲಿಯುತ್ತಿದ್ದುದನ್ನು ನಾನು ಆರ್ಡರ್ ಜಾಸ್ತಿ ಇರಬೇಕೆಂದು ತಿಳಿದಿದ್ದೆ.

"ಒಪ್ಪಿಗೆ ಕೊಡುವಾಗ ಯಾರೂ ಹೇಳ್ಲಿಲ್ವಾ ಅಮ್ಮ?" ಸಲಹೆಗಾರ್ತಿ ಕೇಳಿದರು.

"ಇವನನ್ನ ಆಗಷ್ಟೇ ಒಳಗೆ ತಳ್ಕೊಂಡು ಹೋದ್ರು. ಬಾಗಿಲು ಇನ್ನೂ ಅಲ್ಲಾಡ್ತಿತ್ತು. ಯಾರೋ ಬಂದು ಇಲ್ಲಿ ಸಹಿ ಹಾಕಿ ಅಂದ್ರು. ಇಲ್ಲ ಅಂದ್ರೆ ಒಳಗಿರೋರು ಇವನನ್ನ ಸರಿಯಾಗಿ ನೋಡಲ್ವೇನೋ ಅಂತ ಹೆದರಿಕೆ. ಹಾಕ್ಬಿಟ್ಟೆ."

ಸಲಹೆಗಾರ್ತಿ ಇನ್ನೊಂದು ಸ್ಟೂಲು ಎಳೆದು ಅಮ್ಮನ ಎದುರಿಗೇ ಕುಳಿತರು. "ಹಾಗೆ ಕೇಳ್ಬಾರ್ದಿತ್ತು. ಮಗು ಒಳಗಿದ್ದಾಗ ಬಾಗಿಲ ಹತ್ರ ಕೇಳೋದು ತಪ್ಪು. ಈಗಿನ ನಿಯಮದಲ್ಲಿ ಅಂಥ ಒಪ್ಪಿಗೆನ ಒಪ್ಪಿಗೆ ಅಂತಾನೇ ಲೆಕ್ಕ ಹಿಡಿಯಲ್ಲ. ನಮ್ಮಿಂದ ತಪ್ಪಾಗಿದೆ ಅಮ್ಮ."

ಅಮ್ಮ ಕರವಸ್ತ್ರ ಹುಡುಕಿದಳು, ಸಿಗಲಿಲ್ಲ, ನನ್ನ ಅಂಗಿಯ ತೋಳನ್ನೇ ಎಳೆದುಕೊಂಡು ಕಣ್ಣೊರೆಸಿಕೊಂಡಳು.

ನನ್ನ ಸಿಂಗಲ್ ಸ್ಕ್ರೀನ್ ತಲೆಗೆ ಆಗ ಒಂದು ವಿಷಯ ಹೊಳೆಯಿತು. ಅಮ್ಮನ ಹೌದು ಹೆದರಿಕೆಯದು. ನನ್ನ ಬೇಡ ಹುಡುಗಾಟದ್ದು. ಈ ಉಗುರಿನಷ್ಟು ಚೂರಿನ ಬಗ್ಗೆ ಇವತ್ತಿನವರೆಗೂ ಯಾರೂ ನಿಜವಾದ ಉತ್ತರವನ್ನೇ ಕೊಟ್ಟಿಲ್ಲ.

"ನಾನು ಮತ್ತೆ ಹೇಳ್ತೀನಿ," ಎಂದೆ.

"ಹಾಗಿದ್ರೆ ತಾಯಿ ಸ್ವಲ್ಪ ಹೊರಗಿರ್ಬೇಕು," ಎಂದರು ಸಲಹೆಗಾರ್ತಿ.

"ಹೆತ್ತವಳು ನಾನು!"

"ಅದಕ್ಕೇ ಅಮ್ಮ. ನಿಮ್ಮ ಮುಖ ನೋಡ್ಕೊಂಡು ಅವರು ಉತ್ತರ ಹೇಳ್ಬಾರ್ದು."

ಅಮ್ಮ ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. "ನಂಗಂತೂ ಅದು ಈಗಲೂ ಬೇಡ ಕಣೋ. ಹೇಳ್ದೆ. ಆದ್ರೆ ನನ್ನ ಹೆದರಿಕೆಗೋಸ್ಕರ ನೀನು ಏನೂ ಹೇಳ್ಬೇಡ. ಒಬ್ಬರು ಹೆದರಿದ್ದು ಸಾಕು."

ಸಂಶೋಧಕಿಯನ್ನೂ ಹೊರಗೆ ಕಳಿಸಿದರು. ಉಳಿದವರು ಸಲಹೆಗಾರ್ತಿ, ನಾನು, ಅವನು.

"ನಿಮ್ಮದೇ ಮಾತಲ್ಲಿ ಹೇಳಿ. ಏನು ಮಾಡೋಣ?"

ನಾನು ಎದೆ ಸೆಟೆಸಿದೆ. "ಒಂದು ಕಾಲದಲ್ಲಿ ನನ್ನ ಪ್ರಾಣ ತೆಗೆಯೋಕೆ ಬಂದವನು, ನಾಳೆ ಸಾವಿರ ಮಕ್ಕಳ ಪ್ರಾಣ ಉಳಿಸ್ತಾನೆ ಅಂದ್ರೆ..."

"ಇದು ಯಾವ ಸಿನಿಮಾ?"

"ಸ್ವಂತ ಮೇಡಂ."

"ಸ್ವಂತದ್ದರ ಹಾಗೆ ಕೇಳಿಸ್ಲಿಲ್ಲ. ಅಲ್ದೆ ಸಾವಿರ ಮಕ್ಕಳು ಅಂತ ನಾವು ಯಾರೂ ಹೇಳಿಲ್ಲ."

ಎದೆ ತನ್ನಷ್ಟಕ್ಕೆ ಇಳಿಯಿತು. ಸಿನಿಮಾದ್ದಲ್ಲದ ಮಾತು ಹುಡುಕುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಆ ಚುಕ್ಕೆಯನ್ನು ನೋಡುತ್ತ ಕುಳಿತೆ. ಅವರು ಅವಸರ ಮಾಡಲಿಲ್ಲ.

"ಇಟ್ಕೊಳ್ಳಿ," ಎಂದೆ ಕೊನೆಗೆ. "ನಂಗೆ ಅದು ಯಾಕೆ ವಾಪಸ್ ಬರ್ಲಿಲ್ಲ ಅಂತ ನಂಗೆ ಗೊತ್ತಿಲ್ಲ. ನೀವು ನೋಡಿ. ಯಾವುದಾದ್ರೂ ಮಗುಗೆ ಉಪಯೋಗ ಆದ್ರೆ ಆಯ್ತು, ಆಗದೇನೂ ಇರ್ಬಹುದು. ಅದ್ರಿಂದ ನಂಗೇನೂ ಸಿಗಲ್ಲ. ಅದು ನಂದು ಅಂತ ಹೊರಗೆ ಯಾರಿಗೂ ಗೊತ್ತಾಗ್ಬಾರ್ದು. ಮುಂದೆ ಬೇಡ ಅನ್ನಿಸಿದ್ರೆ ಫೋನ್ ಮಾಡ್ತೀನಿ, ನನ್ನ ದನಿಯಲ್ಲೇ ಮಾಡ್ತೀನಿ. ಮತ್ತೆ... ಅಮ್ಮ ಅವತ್ತು ಹಾಕಿದ ಸಹಿನ ತೆಗೆದುಹಾಕಿ. ಅವಳ ತಲೆ ಮೇಲೆ ಅದು ಇರ್ಬಾರ್ದು. ಇನ್ಮೇಲೆ ಇದು ನಂದೇ ಜವಾಬ್ದಾರಿ."

ಸಲಹೆಗಾರ್ತಿ ಹಳದಿ ಡಬ್ಬದ ಮುಚ್ಚಳ ಹಾಕಿದರು.

ಬಾಗಿಲು ತೆರೆದಾಗ ಅಮ್ಮ ಎದುರಿಗೇ ನಿಂತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಬೈಯಲಿಲ್ಲ. ನನ್ನನ್ನು ದಾಟಿ ಮೇಜಿನ ಕಡೆ ನೋಡಿ, "ಒಂದ್ಸಲ ಕೈಯಲ್ಲಿ ಹಿಡ್ಕೋಬಹುದಾ?" ಎಂದಳು.

"ಅವರನ್ನ ಕೇಳ್ಬೇಕು," ಎಂದರು ಸಲಹೆಗಾರ್ತಿ, ನನ್ನ ಕಡೆ ಕೈ ತೋರಿಸಿ.

ಅಮ್ಮ ನನ್ನ ಅನುಮತಿ ಕೇಳಿ ನಿಂತದ್ದು ಹುಟ್ಟಿದಾಗಿನಿಂದ ಅದೇ ಮೊದಲು. "ಹಿಡ್ಕೋ ಅಮ್ಮ," ಎಂದೆ.

ಬೇರೆ ದರ್ಜಿಯ ಹೊಲಿಗೆಯನ್ನು ಪರೀಕ್ಷಿಸುವವಳಂತೆ ಅವಳು ಆ ತುಂಡನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಅದನ್ನು ಮುಖದ ಹತ್ತಿರ ತಂದು, ದನಿ ಏರಿಸದೆ ಅದಕ್ಕೇ ಹೇಳಿದಳು: "ಇಲ್ಲೇ ಬಿದ್ದಿರು. ಕೆಲಸಕ್ಕೆ ಬಾ. ನಮ್ಮನೆ ಕಡೆ ಮಾತ್ರ ತಿರುಗಿ ನೋಡೀಯ, ಹುಷಾರ್."

ಎಷ್ಟು ಸಿನಿಮಾ ನೋಡಿದ್ದೇನೋ ನನಗೇ ಲೆಕ್ಕವಿಲ್ಲ. ಯಾವ ನಾಯಕನ ಬಾಯಲ್ಲೂ ಅಂಥ ಎಚ್ಚರಿಕೆ ಕೇಳಿಲ್ಲ. ಸಂಶೋಧಕಿ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು.

ಕಾರಿಡಾರಿನಲ್ಲಿ ಅಮ್ಮ ನನ್ನ ತೋಳು ಬಿಡಲಿಲ್ಲ.

"ಕೋಪಾನಾ ಅಮ್ಮ?"

"ಇದೆ."

ಲಿಫ್ಟ್ ಬಂತು. ಒಳಗೆ ಹೋದೆವು.

"ತುಂಬಾನಾ?"

"ಹಸಿವಾಗ್ತಿದೆ," ಎಂದಳು ಅಮ್ಮ. "ಮೊದ್ಲು ಏನಾದ್ರೂ ತಿನ್ನೋಣ. ಆಮೇಲೆ ಬೈತೀನಿ."