ಗೋಡೆಯವರೆಗಿನ ಜಮಖಾನೆ

"ನೀನಾ, ಸಿನಿಕ್ಕ? ಮಗ್ಗಕ್ಕಾ? ಹೋದ ವರ್ಷ ಕಾಲುಚೀಲಕ್ಕೆ ಹಿಮ್ಮಡಿ ಹೆಣೆಯೋಕೆ ಬರದೆ, ಅದನ್ನೇ ಕೈಗವಸು ಅಂತ ಗಂಡನ ಕೈಗೆ ತೊಡಿಸಿದವಳಲ್ವಾ ನೀನು?"

ಕೈಸು ಹೀಗೆ ಕೇಳಿದಾಗ ನಾನು ಅವಳ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬೂಟಿಗೆ ಮೆತ್ತಿದ್ದ ಹಿಮವನ್ನು ಪೊರಕೆಯಿಂದ ಕೊಡವುತ್ತಿದ್ದೆ. ಮೆಲ್ಲಗೆ ಮಾತಾಡು ಎಂದು ಕಣ್ಣಲ್ಲೇ ಬೇಡಿಕೊಂಡೆ. ಒಳಕೋಣೆಯಲ್ಲಿ ವಿಯೆನೊ ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅವರಿಗೆ ಕಿವಿ ಮಂದ ಎಂದು ಊರೆಲ್ಲ ನಂಬಿದೆ. ಬೇಡದ ಮಾತಿಗಷ್ಟೇ ಮಂದ ಎಂಬುದು ಅವರ ಜೊತೆ ಒಂದೇ ಸೂರಿನಡಿ ಬಾಳಿದ ನನಗೆ ಗೊತ್ತು.

ವಿಯೆನೊ ನನ್ನ ಗಂಡ ತೈಸ್ತೊನ ಸೋದರತ್ತೆ. ಮದುವೆಯಾದವರಲ್ಲ. ಸ್ಕೀ ಕಟ್ಟಿಕೊಂಡು ಈ ಸೀಮೆಯ ಮನೆಮನೆಗೆ ಅಂಚೆ ಹಂಚಿ, ಹುಟ್ಟಿದ ಮನೆಯಲ್ಲೇ ಎಂಬತ್ತು ದಾಟಿದವರು. ಆ ಮನೆಗೇ ನಾನು ಸೊಸೆಯಾಗಿ ಬಂದದ್ದು. ಈ ಶರತ್ಕಾಲದಲ್ಲಿ ಅಲ್ಲಿನ ದೊಡ್ಡ ಕೋಣೆಯ ನೆಲ, ಒಲೆಯ ಪಕ್ಕದಲ್ಲಿ, ಕಾಲಿಟ್ಟರೆ ನೆನೆದ ಬ್ರೆಡ್ಡಿನಂತೆ ಕುಸಿಯತೊಡಗಿತು. ತೈಸ್ತೊ ಬಡಗಿ, ಬಡಗಿಯ ಮನೆಯ ರಿಪೇರಿಗೆ ಊರವರ ಮನೆಗಳೆಲ್ಲ ಮುಗಿದ ಮೇಲೆಯೇ ಸರದಿ. ತೈಸ್ತೊ ಮೊದಲ ಹಲಗೆ ಎತ್ತುವ ಹೊತ್ತಿಗೆ ಹಿಮ ಕಿಟಕಿಯ ಕೆಳಗಂಚಿಗೆ ಬಂದಿತ್ತು. ನಾವಿಬ್ಬರೂ ಅಟ್ಟದ ಕೋಣೆ ಹತ್ತಿದೆವು. ಏಣಿ ಹತ್ತಲಾಗದ ಅತ್ತೆ, ಊರಿನ ಸಭಾಮನೆಗೆ ಅಂಟಿಕೊಂಡಂತಿರುವ ಕೈಸುವಿನ ಮನೆಗೆ ಬಂದರು. ಕೈಸು ವಿಧವೆ, ಸಭಾಮನೆಯ ಬೀಗದ ಕೈ ಅವಳ ಬಳಿಯೇ ಇರುತ್ತದೆ. ಇಬ್ಬರೂ ದಿನಾ ಜಗಳವಾಡುತ್ತ ಸುಖವಾಗಿದ್ದರು.

ಅತ್ತೆ ಹೊರಡುವಾಗ ಒಂದೇ ಮಾತು ಹೇಳಿದ್ದರು. ನನ್ನ ಜಮಖಾನೆ ಹಾಸಿದ ದಿನ ವಾಪಸು ಬರ್ತೀನಿ, ಬರಿನೆಲದ ಮನೆ ಮನೆಯಲ್ಲ, ರೈಲು ನಿಲ್ದಾಣ.

ನಮ್ಮ ಊರಿನ ಮಗ್ಗ ಇರುವುದು ಸಭಾಮನೆಯ ಹಿಂದಿನ ಕೋಣೆಯಲ್ಲಿ. ಹಿಮ ನೆಲ ಹಿಡಿದ ಮೇಲೆ ಹೆಂಗಸರೆಲ್ಲ ಸೇರಿ ಅದಕ್ಕೆ ಉದ್ದನೆಯ ಒಂದೇ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಏರಿಸುತ್ತಾರೆ. ಆಮೇಲೆ ಚೀಟಿ ಎತ್ತಿ, ಬಂದ ಸರದಿಯಂತೆ ಒಬ್ಬೊಬ್ಬರೂ ಹಳೇ ಬಟ್ಟೆಯ ಪಟ್ಟಿಗಳಿಂದ ತಮ್ಮ ತಮ್ಮ ಜಮಖಾನೆ ನೇಯುವುದು. ನೇಯ್ದದ್ದು ಮುಂದಿನ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಅದರ ಮೇಲೆ ಮುಂದಿನವಳದು, ಅದರ ಮೇಲೆ ಇನ್ನೊಬ್ಬಳದು. ಕೊನೆಯವಳು ಮುಗಿಸುವ ತನಕ ಯಾರೂ ಕತ್ತರಿ ಮುಟ್ಟುವಂತಿಲ್ಲ. ನಡುವೆ ಕತ್ತರಿಸಿದರೆ ನೂಲನ್ನೆಲ್ಲ ಮತ್ತೆ ಕಟ್ಟಬೇಕು, ಅದರಲ್ಲಿ ಹಾಸು ತಿಂದುಹೋಗಿ ಕೊನೆಯವಳಿಗೆ ಮೋಸವಾಗುತ್ತದೆ. ಮೊದಲು ನೇಯ್ದವಳದು ಎಲ್ಲಕ್ಕಿಂತ ಒಳಗೆ, ಎಲ್ಲಕ್ಕಿಂತ ಕಡೆಗೆ ಕೈಗೆ ಬರುವುದು.

ಈ ಸಲ ಮೊದಲ ಚೀಟಿ ಅತ್ತೆಗೆ ಬಂದಿತ್ತು. ಒಲೆಯ ಬುಡದಿಂದ ಎದುರು ಗೋಡೆಯವರೆಗೆ ದಾರ ಹಿಡಿದು, ಗಂಟು ಹಾಕಿ, ಆ ದಾರವನ್ನು ಕೊರಳಿಗೆ ಸುತ್ತಿಕೊಂಡೇ ಮಗ್ಗಕ್ಕೆ ಕೂತಿದ್ದರು. ತಮ್ಮನ ಅಂಗಿಗಳು, ತಾಯಿಯ ಹಾಸಿಗೆ ಬಟ್ಟೆ, ನಡುನಡುವೆ ತಮ್ಮದೇ ಅಂಚೆ ಕೋಟಿನ ನೀಲಿ. ಬೆರಳ ಗೆಣ್ಣುಗಳು ಊದಿದ್ದವು. ಇದು ನನ್ನ ಕೈಯ ಕೊನೇದು, ಸರಿಯಾಗಿ ಗೋಡೆಗೆ ಮುಟ್ಟಬೇಕು ಅನ್ನುತ್ತಿದ್ದರು. ಕ್ರಿಸ್‌ಮಸ್‌ಗೆ ಮುಂಚೆಯೇ ಅದು ದಿಂಡಿನ ಒಳಗೆ ಸೇರಿತು.

ಕ್ರಿಸ್‌ಮಸ್ ಕಳೆದ ಮೇಲೆ ತೈಸ್ತೊ ಆ ಗೋಡೆಯನ್ನೇ ಕೆಡವಿದ.

ಅವನನ್ನು ಬೈಯಲಾರೆ. ನೆಲ ಎತ್ತಿದಾಗ ಗೋಡೆಯ ಕೆಳಗಿನ ದಿಮ್ಮಿಗಳು ಕೊಳೆತಿರುವುದು ಕಂಡಿತು. ಗೋಡೆಯಾಚೆ ಇದ್ದದ್ದು ಆಲೂಗಡ್ಡೆ, ಉಣ್ಣೆ ತುಂಬಿದ ಒಂದು ತಣ್ಣನೆಯ ಕೋಣೆ. ಅದು ಹೋದರೆ ಅತ್ತೆಗೆ ಕೆರೆಯ ಕಡೆಯ ಕಿಟಕಿ ಸಿಗುತ್ತದೆ, ತೂಗುಕುರ್ಚಿಯಲ್ಲಿ ಕೂತೇ ಕೆರೆ ನೋಡಬಹುದು ಎಂದು ಅವನ ಎಣಿಕೆ. ಹೇಳಬೇಡ, ಬಂದಾಗ ನೋಡಲಿ ಎಂದ. ವರ್ಷಕ್ಕೊಮ್ಮೆ ಇಂಥ ಆಸೆ ಪಡುವ ಮನುಷ್ಯ, ನಾನೂ ತಲೆಯಾಡಿಸಿದೆ. ಜಮಖಾನೆಯ ನೆನಪು ಇಬ್ಬರಿಗೂ ಬಂದದ್ದು ಗೋಡೆ ಇಳಿದು, ಅಟ್ಟದಲ್ಲಿ ಮೀನಿನ ಸಾರು ಕುಡಿಯುತ್ತ ಕೂತಾಗ. ಕೆಳಗಿಳಿದು ಅಳೆದೆವು. ಎತ್ತರದ ಆಳು ಉದ್ದಕ್ಕೆ ಮಲಗುವಷ್ಟು ನೆಲ ಬರಿದಾಗಿ ಉಳಿಯುತ್ತಿತ್ತು.

ಅದಕ್ಕೇ ನಾನು ಕೈಸುವಿನ ಹೊಸ್ತಿಲಿಗೆ ಬಂದದ್ದು. ಕೊನೆಯ ಸರದಿ ಅವಳದು. ಅದನ್ನು ನನಗೆ ಬಿಟ್ಟುಕೊಡು, ಉಳಿದಷ್ಟು ನೆಲಕ್ಕೆ ನಾನು ನೇಯುತ್ತೇನೆ ಎಂದು ಪಿಸುಗುಟ್ಟಿದೆ. ಕೈಸು ಬನ್ನಿನ ಹಿಟ್ಟನ್ನು ಗುದ್ದುತ್ತಲೇ ಎಲ್ಲವನ್ನೂ ಕೇಳಿದಳು. ತೈಸ್ತೊನಿಗೆ ಅವನ ಸುತ್ತಿಗೆಗಿರುವಷ್ಟಾದರೂ ಬುದ್ಧಿ ಇದ್ದಿದ್ದರೆ ಎಂದು ಶುರುಮಾಡಿ ಅವನ ತಾತನವರೆಗೂ ಹೋಗಿಬಂದಳು.

"ಸರದಿ ತಗೋ," ಎಂದಳು ಕೊನೆಗೆ. "ನಿನ್ನ ನೇಯ್ಗೆ ನೋಡೋ ಭಾಗ್ಯ ನಂಗೂ ಇರ್ಲಿ. ಆದ್ರೆ ವಿಯೆನೊ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಕೇಳದಿದ್ರೆ ನಿಜಾನೂ ಹೇಳಲ್ಲ."

ನನ್ನ ಸರದಿ ಬರುವ ಹೊತ್ತಿಗೆ ಹಗಲು ಉದ್ದವಾಗಿತ್ತು, ಚಳಿ ಮಾತ್ರ ಹಾಗೇ ಇತ್ತು. ದಿನವೂ ಮನೆಯಿಂದ ಕಾಲಲ್ಲಿ ಒದ್ದು ಓಡಿಸುವ ಜಾರುಬಂಡಿಯಲ್ಲಿ ಬಟ್ಟೆಪಟ್ಟಿಯ ಉಂಡೆಗಳನ್ನು ಹೇರಿಕೊಂಡು ಸಭಾಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ತೈಸ್ತೊನ ಜೊತೆ ಹಲಗೆ ಹಿಡಿದು, ಮೊಳೆ ಕೊಟ್ಟು, ಮಧ್ಯಾಹ್ನ ಮಗ್ಗ. ನೇಯುವುದು ಕಷ್ಟವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಾಲಲ್ಲಿ ತುಳಿ, ಲಾಳಿ ತೂರಿಸು, ಹಣಿಗೆಯಿಂದ ಬಡಿ. ಆದರೆ ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಅಂಚು ಒಳಕ್ಕೆ ಸೇದಿಕೊಳ್ಳುತ್ತದೆ. ನನ್ನ ಜಮಖಾನೆ ನೋಡನೋಡುತ್ತ ಒಳ್ಳೆ ಸೊಂಟ ಪಡೆಯಿತು.

ಅತ್ತೆ ಗೋಡೆ ಹಿಡಿದುಕೊಂಡು ಕೈಸುವಿನ ಮನೆಯಿಂದ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂರತೊಡಗಿದರು. ಪಟ್ಟಿಯನ್ನು ಸಡಿಲವಾಗಿ ಕಮಾನಿನ ಹಾಗೆ ಬಿಟ್ಟು ಬಡಿಯಬೇಕು ಎಂದು ತೋರಿಸಿದರು. ಯಾರಿಗೆ ಇದು ಎಂದು ಕೇಳಿದಾಗ ಜಗಲಿಗೆ ಎಂದೆ. ಜಗಲಿಯಲ್ಲಿ ಬೂಟಿನ ಕೆಸರಿಗೆ ಇಷ್ಟು ಒಳ್ಳೇ ಬಟ್ಟೆಯೇ ಎಂದರು. ನಾನು ಕೇಳಿಸದವಳಂತೆ ಬಡಿದೆ. ಕಿವಿ ಮಂದವಾಗುವುದನ್ನು ಅವರಿಂದಲೇ ಕಲಿತಿದ್ದೆ.

ನನಗೆ ಸಿಗದೇ ಹೋದದ್ದು ಆ ನೀಲಿ. ಅವರ ಕೋಟು ಪೂರ್ತಿ ದಿಂಡಿನೊಳಗೆ ಸುತ್ತಿಕೊಂಡಿತ್ತು. ತೈಸ್ತೊನ ಕೆಲಸದ ಪ್ಯಾಂಟು ಕತ್ತರಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಲ್ಲಿ ಉಜ್ಜಿದರು.

"ಇದು ನನ್ನ ಕೋಟಿನ ಬಣ್ಣ ಅಲ್ಲ, ಸಿನಿಕ್ಕ," ಎಂದರು. "ಗೋಡೆ ಯಾವಾಗ ಕೆಡವಿದ್ರಿ?"

ಲಾಳಿ ನನ್ನ ತೊಡೆಯ ಮೇಲೆ ಬಿತ್ತು. ಕೈಸು ಹೇಳಿದಳಾ ಎಂದು ಕೇಳಿದೆ.

"ಕೈಸು ಬಾಯಿ ಬಿಡೋ ಹೊತ್ತಿಗೆ ನಂಗೆ ಗೊತ್ತಾಗಿ ವಾರ ಆಗಿತ್ತು. ನಿನ್ನ ಗಂಡ ಆವತ್ತು ಕಾಫಿಗೆ ಬಂದ. ಟೋಪಿ ತೆಗೆದ್ರೆ ತಲೆ ತುಂಬ ಒಣಪಾಚಿ. ಗಾಳಿ ನುಗ್ಗದ ಹಾಗೆ ಗೋಡೆಯ ದಿಮ್ಮಿ ಸಂದಿಗೆ ತುರುಕಿರ್ತಾರಲ್ಲ, ಅದು. ನೆಲದ ಕೆಲಸ ಮಾಡೋನ ತಲೆ ಮೇಲೆ ಪಾಚಿ ಹೇಗೆ ಬೀಳತ್ತೆ?"

ಕೊಳೆತದ್ದನ್ನು ಹೇಳಿದೆ, ಕಿಟಕಿಯನ್ನು ಹೇಳಿದೆ, ಕೆರೆಯನ್ನು ಹೇಳಿದೆ. ನಿಮ್ಮಪ್ಪ ಕಟ್ಟಿದ ಗೋಡೆ ಎಂದು ಗೊತ್ತು ಎಂದೂ ಹೇಳಿದೆ. ಅವರು ಹೊರಗೆ ನೋಡುತ್ತ ಕೂತರು. ಆ ಗೋಡೆಯ ಮೇಲೆ ತಮಗೇನೂ ಮೋಹವಿಲ್ಲ ಎಂದರು. ಯುದ್ಧ ಮುಗಿದ ಮೇಲೆ, ಶತ್ರುದೇಶದ ಪಾಲಾದ ಗಡಿಸೀಮೆ ಕರೇಲಿಯಾದಿಂದ ಮನೆ ಬಿಟ್ಟು ಬಂದ ಒಂದು ಕುಟುಂಬಕ್ಕೆ ಜಾಗ ಕೊಡಲು ಅಪ್ಪ ಅವಸರದಲ್ಲಿ ಎಬ್ಬಿಸಿದ್ದಂತೆ. ಅವರಿಗೆ ಮನೆಯಾದ ಕೂಡಲೇ ತೆಗೀತೀನಿ ಅಂದವರು ತೆಗೆಯಲೇ ಇಲ್ಲ. ಅದಕ್ಕೆ ಮುಂಚೆ ದೊಡ್ಡ ಕೋಣೆ ಕೆರೆಯ ಕಡೆಯ ಕಿಟಕಿಯವರೆಗೂ ಉದ್ದವಿತ್ತು. ಅತ್ತೆ ಮಗುವಾಗಿದ್ದಾಗ ಆ ತುದಿಯಿಂದ ಈ ತುದಿಗೆ ಓಡಿ ಒಲೆಗೆ ಹೋಗಿ ಗುದ್ದಿಕೊಂಡ ಗುರುತು ಹಣೆಯ ಮೇಲೆ ಇನ್ನೂ ಇದೆ.

ಹಾಗಾದರೆ ಸಿಟ್ಟಿಲ್ಲವಲ್ಲ ಎಂದು ನಾನು ಹಗುರಾದೆ. ಹಗುರಾಗಬಾರದಿತ್ತು.

"ಗೋಡೆಗೆ ಸಿಟ್ಟಿಲ್ಲ. ನಾನು ಈ ಬೆರಳಲ್ಲಿ ದಾರ ಹಿಡಿದು ಅಳೆದೆ. ಅವನು ಅಲ್ಲೇ ನಿಂತು ನೋಡಿದ. ಆಮೇಲೆ ಕೆಡವಿದ. ಒಂದು ಮಾತು ಕೇಳಲಿಲ್ಲ." ಅತ್ತೆ ನೀಲಿ ಪಟ್ಟಿಯನ್ನು ನನಗೆ ವಾಪಸು ಕೊಟ್ಟರು. "ನನ್ನನ್ನ ಕೇಳದೆ ನನ್ನ ಮನೆ ಬದಲಾಗತ್ತೆ ಅಂದ್ರೆ, ನಾನು ಅಲ್ಲಿ ನೆಂಟಳು. ನೆಂಟಸ್ತಿಕೆ ಮಾಡೋದಿದ್ರೆ ಕೈಸು ಮನೇಲೇ ಮಾಡ್ತೀನಿ. ಇಲ್ಲಿ ಬನ್ ಚೆನ್ನಾಗಿರತ್ತೆ."

ಆ ಸಂಜೆ ಜಾರುಬಂಡಿ ನನಗೆ ಭಾರವಾಗಿತ್ತು. ತೈಸ್ತೊ ಹೊಸ ನೆಲಕ್ಕೆ ಎಣ್ಣೆ ಉಜ್ಜುತ್ತಿದ್ದ, ಮಂಡಿಯೂರಿ, ಕೆರೆಯ ಕಿಟಕಿಯ ಕೆಳಗೆ. ಎಲ್ಲವನ್ನೂ ಹೇಳಿದೆ. ಅವನು ಬಟ್ಟೆಯನ್ನು ಡಬ್ಬಿಯಲ್ಲಿ ಅದ್ದಿ ಇನ್ನೊಂದು ಹಲಗೆ ಮುಗಿಸಿದ. ಆಮೇಲೆ ಎದ್ದು ಕೊಟ್ಟಿಗೆಗೆ ಹೋದ. ಹಿಂದೆಯೇ ಹೋಗಿ ನೋಡಿದೆ. ಇಳಿಸಿದ ದಿಮ್ಮಿಗಳ ಮೇಲೆ ಅವನು ಆಗಲೇ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಸಾಲಾಗಿ ಪೇರಿಸಿಟ್ಟಿದ್ದ. ಬಡಗಿಗಳ ಅಭ್ಯಾಸ ಅದು. ಕೊಳೆತವುಗಳ ಬದಲಿಗೆ ಬೇಕಾದ ಮರವನ್ನು ಹುಡುಕಿ, ಎಳೆದು ಪಕ್ಕಕ್ಕೆ ಹಾಕಿದ.

ಭಾನುವಾರ ಕ್ಷೌರ ಮಾಡಿಕೊಂಡು, ಟೋಪಿ ಕೊಡವಿಕೊಂಡು ನನ್ನ ಜೊತೆ ಕೈಸುವಿನ ಮನೆಗೆ ಬಂದ. ಅತ್ತೆ ಮೇಜಿನ ಮುಖ್ಯ ಜಾಗದಲ್ಲಿ ಕೂತಿದ್ದರು. ಕೈಸು ಕಾಫಿ ಬಗ್ಗಿಸಿ, ಏಲಕ್ಕಿ ಬನ್ನಿನ ತಟ್ಟೆ ಇಟ್ಟು, ಹೊರಗೆ ಹೋಗದಿರಲು ನೆಪ ಹುಡುಕಿದವಳಂತೆ ಒಲೆಗೆ ಸೌದೆ ತುಂಬುತ್ತ ಅಲ್ಲೇ ಉಳಿದಳು. ಹವೆಯ ಮಾತಾಯಿತು. ಕೆರೆಯ ಮಂಜುಗಡ್ಡೆ ಇನ್ನೂ ಟ್ರ್ಯಾಕ್ಟರ್ ತಡೆಯುತ್ತದೆಯೇ ಎಂಬ ಮಾತಾಯಿತು. ಅತ್ತೆ ತಟ್ಟೆಯನ್ನು ಅವನ ಕಡೆ ಸರಿಸಲಿಲ್ಲ.

ತೈಸ್ತೊ ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡ.

"ಅತ್ತೆ. ದೊಡ್ಡ ಕೋಣೆ ಗೋಡೆ. ಕೆಳಗೆ ಕೊಳೆತಿದೆ. ತೆಗೀಬಹುದಾ ಅಂತ ಕೇಳೋಕೆ ಬಂದೆ."

ಒಲೆಯ ಮುಂದೆ ಕೈಸು ಸೌದೆ ಹಿಡಿದ ಕೈಯಲ್ಲೇ ನಿಂತುಬಿಟ್ಟಳು.

"ತೆಗೆದಾಗಿದೆಯಲ್ಲ," ಎಂದರು ಅತ್ತೆ.

"ದಿಮ್ಮಿ ಎಲ್ಲ ಹಾಗೇ ಇವೆ. ನಂಬರ್ ಹಾಕಿದೀನಿ. ಕೆಳಗಿನ ಸಾಲಿಗೆ ಹೊಸ ಮರ ನೋಡಿದೀನಿ. ಬೇಡ ಅಂದ್ರೆ ನಾಳೆ ಎಬ್ಬಿಸೋಕೆ ಶುರು ಮಾಡ್ತೀನಿ. ಬೇಡ ಅಂತೀರಾ?"

ಇಷ್ಟುದ್ದ ಮಾತನ್ನು ಅವನು ನನ್ನನ್ನು ಮದುವೆಗೆ ಕೇಳುವಾಗಲೂ ಆಡಿರಲಿಲ್ಲ. ಅತ್ತೆ ಕಾಫಿಯನ್ನು ಸಾಸರಿಗೆ ಸುರಿದು, ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿ, ನಿಧಾನವಾಗಿ ಹೀರಿದರು. ಅವರು ನಿಜವಾಗಿಯೂ ಯೋಚಿಸುತ್ತಿದ್ದರು, ಅದು ಮುಖದಲ್ಲೇ ಕಾಣುತ್ತಿತ್ತು. ತೈಸ್ತೊ ನಿಜವಾಗಿಯೂ ಕಾಯುತ್ತಿದ್ದ.

ಸಾಸರು ಖಾಲಿಯಾಯಿತು. ಅದನ್ನು ಕೆಳಗಿಟ್ಟು ಅವರು ಕೇಳಿದ್ದು, ಚಿಕ್ಕಂದಿನಲ್ಲಿ ಕಾಣುತ್ತಿದ್ದ ಹಾಗೆ ಆ ಕಿಟಕಿಯಿಂದ ಕೆರೆಯ ಆಚೆ ದಡದ ದೋಣಿಮನೆ ಈಗಲೂ ಕಾಣುತ್ತದೆಯೇ ಎಂದು. ಕಾಣುತ್ತದೆ ಎಂದ ತೈಸ್ತೊ.

"ಸರಿ. ತೆಗಿ," ಎಂದರು ಅತ್ತೆ, ಬನ್ನಿನ ತಟ್ಟೆಯನ್ನು ಅವನ ಮುಂದೆ ತಳ್ಳುತ್ತ.

ಸೂರಿನಿಂದ ಹನಿ ತೊಟ್ಟಿಕ್ಕತೊಡಗಿದ ದಿನಗಳಲ್ಲಿ ನಾನು ನೇಯ್ದು ಮುಗಿಸಿದೆ. ಹೆಂಗಸರೆಲ್ಲ ಸಭಾಮನೆಗೆ ಬಂದರು. ಕತ್ತರಿ ಮೊದಲು ಬಿದ್ದದ್ದು ನನ್ನದಕ್ಕೆ. ದಿಂಡು ಬಿಚ್ಚುತ್ತ ಹೋದಂತೆ ಇಡೀ ಚಳಿಗಾಲ ಹಿಂದುಮುಂದಾಗಿ ನೆಲಕ್ಕೆ ಇಳಿಯಿತು: ಒಬ್ಬಳ ಮಕ್ಕಳ ಅಂಗಿಗಳು, ಇನ್ನೊಬ್ಬಳ ಕಿಟಕಿ ಪರದೆಗಳು, ಕೊಟ್ಟಕೊನೆಗೆ ಅತ್ತೆಯ ನೀಲಿ.

ಅವರನ್ನು ಜಾರುಬಂಡಿಯ ಆಸನದಲ್ಲಿ ಕೂರಿಸಿ, ತೊಡೆಯ ಮೇಲೆ ಎರಡೂ ಸುರುಳಿಗಳನ್ನಿಟ್ಟು ಮನೆಗೆ ತಳ್ಳಿಕೊಂಡು ಬಂದೆ. ಕೈಸು ಹಿಂದೆಯೇ ನಡೆದು ಬಂದಳು, ಇಂಥದ್ದನ್ನು ತಪ್ಪಿಸಿಕೊಳ್ಳುವವಳಲ್ಲ. ಅತ್ತೆಯ ಜಮಖಾನೆಯನ್ನು ತೈಸ್ತೊ ಒಲೆಯ ಬುಡದಿಂದ ಬಿಡಿಸಿದ. ತಲೆಯ ಮೇಲಿನ ಒಳಛಾವಣಿಯಲ್ಲಿ ಹಳೇ ಗೋಡೆ ತಾಗಿದ್ದ ಕಡೆ ಒಂದು ಬಿಳಿಚಿದ ಪಟ್ಟಿ ಉಳಿದಿದೆ. ಜಮಖಾನೆ ಕೂದಲೆಳೆಯಷ್ಟೂ ತಪ್ಪದೆ ಅದರ ಕೆಳಗೇ ನಿಂತಿತು. ಅಲ್ಲಿಂದ ಕಿಟಕಿಯವರೆಗೆ ನನ್ನದನ್ನು ಹಾಸಿದೆವು. ಅದು ನಡುವೆ ಸಣ್ಣಗಾಗಿ ತುದಿಯಲ್ಲಿ ಮತ್ತೆ ಅಗಲವಾಗಿ, ನೀಲಿ ಬೇರೆ ನೀಲಿಯಾಗಿ ಮಲಗಿತು.

"ನೋಡು ವಿಯೆನೊ," ಎಂದಳು ಕೈಸು. "ಸಿನಿಕ್ಕನ ಜಮಖಾನೆಗೆ ಸೊಂಟ ಬಂದಿದೆ."

"ಇರ್ಲಿ ಬಿಡು," ಎಂದರು ಅತ್ತೆ. "ಈ ಮನೇಲಿ ಒಬ್ಬರಿಗಾದ್ರೂ ಸೊಂಟ ಇರ್ಬೇಕಲ್ಲ."

ಆಮೇಲೆ ತೂಗುಕುರ್ಚಿಯನ್ನು ತಾವೇ ಎರಡು ಕೈಯಲ್ಲಿ ಹಿಡಿದು, ಯಾರನ್ನೂ ಮುಟ್ಟಗೊಡದೆ, ಒಲೆಯ ಬದಿಯಿಂದ ಎಳೆದುಕೊಂಡು ಹೋದರು. ತಮ್ಮ ಜಮಖಾನೆಯ ತುದಿ ದಾಟಿಸಿ, ನನ್ನದರ ಮೇಲೆ ಕಿಟಕಿಗೆ ಮುಖ ಮಾಡಿ ನಿಲ್ಲಿಸಿ ಕೂತರು. ಕುರ್ಚಿ ಹಿಂದಕ್ಕೆ ತೂಗಿದಾಗ ಎರಡು ಜಮಖಾನೆಗಳು ಕೂಡುವಲ್ಲಿ ಒಮ್ಮೆ ಟಕ್ ಎಂದು, ಮತ್ತೆ ಮುಂದಕ್ಕೆ ಬಂತು.